ನಾಲ್ಕು ಚಕ್ರ ಚಾಲನೆಯ ಹೊಸ ಕ್ಯಾಂಪರ್ ವ್ಯಾನಿಗೆ ದೊಡ್ಡ ಟೈರ್ ಹಾಕಿಸಬಹುದೇ?

ಪ್ರಶ್ನೆ: ನಾಲ್ಕು ಚಕ್ರ ಚಾಲನೆಯ ಹೊಸ ಕ್ಯಾಂಪರ್ ವ್ಯಾನ್ (ಒಳಗೇ ಅಡುಗೆ, ವಾಸಕ್ಕೆ ಅನುಕೂಲವಿರುವ ವ್ಯಾನ್) ಕೊಂಡಿದ್ದೇನೆ. ಕಂಪನಿಯಿಂದ ಬಂದ ಟೈರಿನ ಅಳತೆ 245/75 ಆರ್ 16. ಕಾಡುದಾರಿ, ಮರಳು, ಹಿಮ ಎಲ್ಲದರಲ್ಲೂ ಓಡಾಡುವ ಉದ್ದೇಶವಿರುವುದರಿಂದ 265/75 ಆರ್ 16 ಅಳತೆಯ ಟೈರ್ ಹಾಕಿಸಬೇಕೆಂದಿದ್ದೇನೆ. ಟೈರ್ ಅಂಗಡಿಯವರು ಅದೇ ರಿಮ್ಮಿಗೆ ಕೂರುತ್ತದೆ, ಏನೂ ತೊಂದರೆಯಿಲ್ಲ ಎನ್ನುತ್ತಾರೆ. ವ್ಯಾನ್ ಮಾರಿದವರು ಬೇಡ ಎನ್ನುತ್ತಾರೆ, ಆದರೆ ಕಾರಣ ಹೇಳುವುದಿಲ್ಲ. ವ್ಯಾನನ್ನು ಸ್ವಲ್ಪ ಎತ್ತರಿಸುವ ಕಿಟ್ ಕೂಡ ಹಾಕಿಸಬೇಕೇ? ಯಾರ ಮಾತು ಸರಿ?

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ಇರಬೇಕಾಗಿದ್ದ ಒಂದು ಅಂಕಿ ಮಾತ್ರ ಇಲ್ಲ, ಅದು ನಿಮ್ಮ ವ್ಯಾನಿನ ತೂಕ. ಟೈರಿನ ಮೊದಲ ಕೆಲಸ ಭಾರ ಹೊರುವುದು. ಮರಳಿನಲ್ಲಿ ತೇಲುವುದು, ಕೆಸರಿನಲ್ಲಿ ಹಿಡಿತ ಕೊಡುವುದು, ನೋಡಲು ಗಟ್ಟಿಮುಟ್ಟಾಗಿ ಕಾಣುವುದು ಎಲ್ಲವೂ ಅದರ ನಂತರದವು. ಆದ್ದರಿಂದ ಅಳತೆಯ ಚರ್ಚೆಗೆ ಹೋಗುವ ಮೊದಲು ವ್ಯಾನನ್ನು ಪ್ರವಾಸಕ್ಕೆ ಹೊರಡುವ ದಿನದಂತೆಯೇ ತುಂಬಿಸಿ, ಅಂದರೆ ನೀರಿನ ಟ್ಯಾಂಕು, ಡೀಸೆಲ್, ಗ್ಯಾಸ್, ಬಟ್ಟೆಬರೆ, ಸೈಕಲ್ಲು, ಜೊತೆಗೆ ಪ್ರಯಾಣಿಸುವ ಜನರೂ ಕುಳಿತಿರುವಂತೆ ಮಾಡಿ, ವೇಬ್ರಿಜ್ ಮೇಲೆ ಮುಂದಿನ ಆಕ್ಸಲ್ (ಎರಡು ಚಕ್ರಗಳ ನಡುವಿನ ಅಚ್ಚು) ಮತ್ತು ಹಿಂದಿನ ಆಕ್ಸಲ್‌ಗಳನ್ನು ಬೇರೆಬೇರೆಯಾಗಿ ತೂಗಿಸಿ. ಸಾಧ್ಯವಾದರೆ ಪ್ರತಿ ಚಕ್ರವನ್ನೂ ಪ್ರತ್ಯೇಕವಾಗಿ ತೂಗಿಸುವುದು ಇನ್ನೂ ಒಳ್ಳೆಯದು. ಕ್ಯಾಂಪರ್ ವ್ಯಾನುಗಳಲ್ಲಿ ಅಡುಗೆಕಟ್ಟೆ, ಫ್ರಿಜ್, ಬ್ಯಾಟರಿ, ನೀರಿನ ಟ್ಯಾಂಕುಗಳು ಒಂದೇ ಬದಿಗೆ ಸೇರಿಕೊಂಡಿರುವುದು ಅಪರೂಪವಲ್ಲ. ನೂರು ಲೀಟರ್ ನೀರೆಂದರೆ ನೂರು ಕೆಜಿ ಎಂಬುದನ್ನು ಹೆಚ್ಚಿನವರು ಟ್ಯಾಂಕು ತುಂಬಿಸುವಾಗ ಮರೆತಿರುತ್ತಾರೆ.

ಒಂದು ಉದಾಹರಣೆ ನೋಡೋಣ. ಹಿಂದಿನ ಆಕ್ಸಲ್ ಮೇಲೆ ಒಟ್ಟು 2,400 ಕೆಜಿ ಬಿದ್ದಿದೆ ಎಂದುಕೊಳ್ಳಿ. ಸಮನಾಗಿ ಹಂಚಿದರೆ ಒಂದು ಟೈರಿಗೆ 1,200 ಕೆಜಿ. ಆದರೆ ಎಡಬದಿಗೆ ಭಾರ ವಾಲಿದ್ದರೆ ಎಡ ಟೈರು 1,290, ಬಲ ಟೈರು 1,110 ಕೆಜಿ ಹೊತ್ತಿರಬಹುದು. ಈಗ ಟೈರಿನ ಪಕ್ಕದ ಗೋಡೆಯ ಮೇಲೆ ಅಳತೆಯ ಬಳಿ ಅಚ್ಚಾಗಿರುವ ಭಾರಸೂಚ್ಯಂಕವನ್ನು ನೋಡಬೇಕು. ಈ ಸೂಚ್ಯಂಕ 112 ಆಗಿದ್ದರೆ ಒಂದು ಟೈರ್ ಗರಿಷ್ಠ 1,120 ಕೆಜಿ ಹೊರುತ್ತದೆ, 116 ಆಗಿದ್ದರೆ 1,250, 120 ಆಗಿದ್ದರೆ 1,400, 123 ಆಗಿದ್ದರೆ 1,550. ನೀವು ಕೇಳಿರುವ 265/75 ಆರ್ 16 ಅಳತೆಯ ಟೈರುಗಳು ಮಾರುಕಟ್ಟೆಯಲ್ಲಿ 112, 116, 123 ಈ ಮೂರೂ ಸೂಚ್ಯಂಕಗಳಲ್ಲಿ ದೊರೆಯುತ್ತವೆ. ಅಳತೆ ಒಂದೇ, ನೋಟವೂ ಹೆಚ್ಚುಕಡಿಮೆ ಒಂದೇ, ಆದರೆ ಅಗ್ಗದ್ದಕ್ಕೂ ಗಟ್ಟಿಯದಕ್ಕೂ ಒಂದು ಚಕ್ರಕ್ಕೆ 430 ಕೆಜಿಗಳ ಅಂತರ. ಉದಾಹರಣೆಯ ವ್ಯಾನಿನ ಎಡ ಹಿಂಚಕ್ರಕ್ಕೆ ಮೊದಲೆರಡು ಟೈರುಗಳೂ ಸಾಲುವುದಿಲ್ಲ. ಕಂಪನಿ ಕೊಟ್ಟ ಚಿಕ್ಕ ಟೈರಿನ ಸೂಚ್ಯಂಕ 120 ಆಗಿದ್ದಲ್ಲಿ, ದೊಡ್ಡದನ್ನು ಹಾಕಿಸಿದೆವೆಂದು ಸಂತೋಷಪಡುತ್ತ ನೀವು ವಾಸ್ತವದಲ್ಲಿ ದುರ್ಬಲವಾದ ಟೈರಿನ ಮೇಲೆ ಮನೆಯನ್ನೇ ಹೊರಿಸಿರುತ್ತೀರಿ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. 116ರ ಸೂಚ್ಯಂಕವಿರುವ ಆ ಮಧ್ಯದ ಟೈರು ಸಾಮಾನ್ಯವಾಗಿ ಪ್ರಯಾಣಿಕ ಕಾರು ಮತ್ತು ಎಸ್‌ಯುವಿಗಳಿಗಾಗಿ ತಯಾರಾದದ್ದು. ಕಾರಿನ ಟೈರನ್ನು ವ್ಯಾನು, ಟ್ರಕ್ಕುಗಳಂಥ ವಾಹನಕ್ಕೆ ಬಳಸುವಾಗ ಅದರ ಘೋಷಿತ ಸಾಮರ್ಥ್ಯವನ್ನು 1.1ರಿಂದ ಭಾಗಿಸಬೇಕು ಎಂಬ ನಿಯಮ ಅಮೆರಿಕದ ಸುರಕ್ಷತಾ ಮಾನದಂಡದಲ್ಲಿದೆ. ಆ ಲೆಕ್ಕದಲ್ಲಿ 1,250 ಕೆಜಿ ಎನ್ನುವುದು ಸುಮಾರು 1,136 ಕೆಜಿಗೆ ಇಳಿಯುತ್ತದೆ. ನೀವು ಯಾವ ದೇಶದಲ್ಲಿದ್ದರೂ ಈ ಲೆಕ್ಕದ ಹಿಂದಿನ ಕಾರಣ ಬದಲಾಗುವುದಿಲ್ಲ: ಎತ್ತರದ ವಾಹನ ತಿರುವಿನಲ್ಲಿ ವಾಲಿದಾಗ ಹೊರಬದಿಯ ಟೈರಿನ ಮೇಲೆ ಬೀಳುವ ಹೆಚ್ಚುವರಿ ಭಾರಕ್ಕೆ ಸ್ವಲ್ಪ ಅವಕಾಶ ಬಿಟ್ಟಿರಬೇಕು. ಆದ್ದರಿಂದ ಅಳತೆಯ ಮುಂದೆ ಎಲ್‌ಟಿ ಎಂದೋ ಹಿಂದೆ ಸಿ ಎಂದೋ ಗುರುತಿರುವ, ವಾಣಿಜ್ಯ ವಾಹನಗಳ ದರ್ಜೆಯ ಟೈರನ್ನೇ ಆರಿಸಿಕೊಳ್ಳಿ. ಸಿಪಿ ಎಂಬ ಗುರುತಿನ ಟೈರುಗಳು ಕ್ಯಾಂಪರ್‌ಗಳಿಗೆಂದೇ ತಯಾರಾಗುತ್ತವೆ. ಸದಾ ಪೂರ್ತಿ ಭಾರ ಹೊತ್ತು, ವಾರಗಟ್ಟಲೆ ನಿಂತಲ್ಲೇ ನಿಲ್ಲುವ ವಾಹನದ ಬದುಕಿಗೆ ಅವು ಚೆನ್ನಾಗಿ ಒಗ್ಗುತ್ತವೆ. ಆದರೆ ನೀವು ಬಯಸುವ ಅಳತೆಯಲ್ಲಿ, ಕಾಡುದಾರಿಗೆ ಹೊಂದುವ ಟ್ರೆಡ್‌ನೊಂದಿಗೆ (ನೆಲಕ್ಕೆ ತಾಗುವ ಗೀರುಗಳ ಪದರ) ಅವು ಸಿಗುವ ಸಂಭವ ಕಡಿಮೆ.

ಇನ್ನು ಅಳತೆಯ ವಿಷಯ. 245/75 ಆರ್ 16 ಎಂದರೆ ಅಗಲ 245 ಮಿ.ಮೀ., ಗೋಡೆಯ ಎತ್ತರ ಆ ಅಗಲದ ಶೇ. 75, ರಿಮ್ಮಿನ ವ್ಯಾಸ 16 ಇಂಚು. ಲೆಕ್ಕ ಹಾಕಿದರೆ ಟೈರಿನ ಒಟ್ಟು ವ್ಯಾಸ ಸುಮಾರು 774 ಮಿ.ಮೀ. ಆಗುತ್ತದೆ. 265/75 ಆರ್ 16ರ ವ್ಯಾಸ ಸುಮಾರು 804 ಮಿ.ಮೀ. ವ್ಯತ್ಯಾಸ 30 ಮಿ.ಮೀ., ಅಂದರೆ ಶೇ. 3.9. ವ್ಯಾಸದ ಅರ್ಧ ಮಾತ್ರ ಅಚ್ಚಿನ ಕೆಳಗಿರುವುದರಿಂದ ನೆಲದಿಂದ ವ್ಯಾನಿನ ಹೊಟ್ಟೆಗೆ ನಿಮಗೆ ಸಿಗುವ ಹೆಚ್ಚುವರಿ ಎತ್ತರ 15 ಮಿ.ಮೀ., ಹೆಚ್ಚುಕಡಿಮೆ ಒಂದು ಹೆಬ್ಬೆರಳಿನ ಅಗಲ. ಇಷ್ಟೆಲ್ಲ ಖರ್ಚು ಮತ್ತು ಚರ್ಚೆ ನಡೆಯುವುದು ಆ ಹೆಬ್ಬೆರಳಿಗಾಗಿ ಎಂಬುದನ್ನು ನೆನಪಿಟ್ಟುಕೊಂಡರೆ ಮುಂದಿನ ನಿರ್ಧಾರಗಳು ಸುಲಭವಾಗುತ್ತವೆ.

ಅದೇ ರಿಮ್ಮಿಗೆ ಕೂರುತ್ತದೆ ಎಂಬ ಅಂಗಡಿಯವರ ಮಾತನ್ನು ಇಲ್ಲಿ ಪರೀಕ್ಷಿಸಬೇಕು. ಕೂರುವುದು ಬೇರೆ, ಸರಿಯಾಗಿ ಕೂರುವುದು ಬೇರೆ. ಟೈರು ತಯಾರಕರು ಪ್ರತಿ ಅಳತೆಗೂ ಎಷ್ಟು ಅಗಲದ ರಿಮ್ ಒಪ್ಪಿಗೆ ಎಂಬುದನ್ನು ಪ್ರಕಟಿಸಿರುತ್ತಾರೆ. 245/75 ಆರ್ 16ಕ್ಕೆ ಅದು ಸಾಮಾನ್ಯವಾಗಿ 6.5 ಇಂಚಿನಿಂದ ಆರಂಭವಾದರೆ, 265/75 ಆರ್ 16ಕ್ಕೆ 7 ಇಂಚಿನಿಂದ 8 ಇಂಚು. ಈ ವರ್ಗದ ವ್ಯಾನುಗಳಲ್ಲಿ ಕಂಪನಿಯ ಉಕ್ಕಿನ ರಿಮ್ಮುಗಳು 6.5 ಇಂಚಿನವು ಇರುವುದುಂಟು. ಕಿರಿದಾದ ರಿಮ್ಮಿನ ಮೇಲೆ ಅಗಲದ ಟೈರ್ ಬಿಗಿದರೆ ಗೋಡೆಗಳು ಒಳಕ್ಕೆ ಸೆಳೆದುಕೊಂಡು ಟ್ರೆಡ್ ನಡುವೆ ಉಬ್ಬುತ್ತದೆ, ನಡುಭಾಗ ಬೇಗ ಸವೆಯುತ್ತದೆ, ಪಕ್ಕದ ಗಾಳಿಗೆ ಮೊದಲೇ ತೂಗಾಡುವ ಎತ್ತರದ ವ್ಯಾನು ಇನ್ನಷ್ಟು ಸಡಿಲವಾಗಿ ವರ್ತಿಸುತ್ತದೆ. ನಿಮ್ಮ ರಿಮ್ಮಿನ ಮೇಲೆ 6.5ಜೆ, ಅಂದರೆ 6.5 ಇಂಚಿನ ಅಗಲ, ಎಂದಿದ್ದರೆ ಹೊಸ ಟೈರಿನ ಜೊತೆ ಹೊಸ ರಿಮ್ಮುಗಳ ಖರ್ಚನ್ನೂ ಸೇರಿಸಿಕೊಳ್ಳಿ.

ರಿಮ್ ಕೊಳ್ಳುವಾಗ ಬೋಲ್ಟುಗಳ ಸಂಖ್ಯೆ, ಅವುಗಳ ವೃತ್ತದ ವ್ಯಾಸ, ನಡುವಿನ ರಂಧ್ರದ ಅಳತೆ ಹೊಂದಬೇಕು ಎಂಬುದು ಎಲ್ಲರಿಗೂ ಗೊತ್ತು. ಎರಡು ಸಂಗತಿಗಳು ಮಾತ್ರ ಕಣ್ತಪ್ಪುತ್ತವೆ. ಮೊದಲನೆಯದು ರಿಮ್ಮಿನದೇ ಭಾರಸಾಮರ್ಥ್ಯ. ಅದು ಟೈರಿನದಕ್ಕಿಂತ ಕಡಿಮೆಯಿದ್ದರೆ ಟೈರಿನ 123 ಎಂಬ ಸಂಖ್ಯೆಗೆ ಬೆಲೆಯಿಲ್ಲ. ಎರಡನೆಯದು ಆಫ್‌ಸೆಟ್, ಅಂದರೆ ರಿಮ್ಮಿನ ನಡುಗೆರೆಗೂ ಅದು ಹಬ್ಬಿಗೆ (ರಿಮ್ಮನ್ನು ಬೋಲ್ಟಿನಿಂದ ಬಿಗಿಯುವ ನಡುಭಾಗ) ಅಂಟುವ ಮುಖಕ್ಕೂ ಇರುವ ದೂರ. 20 ಮಿ.ಮೀ. ಅಗಲ ಹೆಚ್ಚಾದಾಗ, ಆಫ್‌ಸೆಟ್ ಬದಲಾಗದಿದ್ದರೆ, ಒಳಕ್ಕೆ ಹತ್ತು ಹೊರಕ್ಕೆ ಹತ್ತು ಮಿ.ಮೀ. ಟೈರು ಚಾಚುತ್ತದೆ. ಒಳಗಡೆ ಮುಂದಿನ ಸಸ್ಪೆನ್ಶನ್ ಸ್ಟ್ರಟ್‌ಗೆ (ಚಕ್ರದ ಒಳಬದಿಯ ಆಘಾತ ತಡೆಯುವ ಕಂಬ) ತಾಗುವ ಭಯದಿಂದ ಆಫ್‌ಸೆಟ್ ತಗ್ಗಿಸಿ ಚಕ್ರವನ್ನು ಹೊರಕ್ಕೆ ತಳ್ಳಿದರೆ, ಸ್ಟೇರಿಂಗ್ ತಿರುಗಿಸಿದಾಗ ಟೈರಿನ ಹೊರ ಅಂಚು ದೊಡ್ಡ ವೃತ್ತದಲ್ಲಿ ಚಲಿಸಿ ಮಡ್‌ಗಾರ್ಡಿನ ಹಿಂಭಾಗದ ಮೂಲೆಗೆ ತಾಗುತ್ತದೆ. ಜೊತೆಗೆ ಚಕ್ರದ ಬೇರಿಂಗಿನ ಮೇಲೆ ಸನ್ನೆಕೋಲಿನಂತೆ ಬೀಳುವ ಒತ್ತಡವೂ ಹೆಚ್ಚಾಗುತ್ತದೆ. ಒಳಗೂ ಹೊರಗೂ ಎರಡು ಕಡೆ ಗೋಡೆಯಿರುವ ಕೋಣೆಯಲ್ಲಿ ಮಂಚ ಸರಿಸಿದಂತೆ ಇದು. ಒಂದು ಕಡೆ ಗಳಿಸಿದ್ದು ಇನ್ನೊಂದು ಕಡೆ ಕಳೆಯುತ್ತದೆ.

ತಾಗುತ್ತದೆಯೇ ಇಲ್ಲವೇ ಎಂಬುದನ್ನು ಅಂಗಡಿಯ ಸಮತಟ್ಟಾದ ನೆಲದ ಮೇಲೆ ಸ್ಟೇರಿಂಗ್ ತಿರುಗಿಸಿ ನೋಡಿದರೆ ಗೊತ್ತಾಗುವುದಿಲ್ಲ. ವ್ಯಾನು ತುಂಬಿರಬೇಕು, ಒಂದು ಮುಂದಿನ ಚಕ್ರವೂ ಅದರ ಎದುರು ಮೂಲೆಯ ಹಿಂದಿನ ಚಕ್ರವೂ ದಿಮ್ಮಿಯ ಮೇಲೆ ಹತ್ತಿ ಸಸ್ಪೆನ್ಶನ್ ಪೂರ್ತಿ ಕುಗ್ಗಿರಬೇಕು, ಆ ಸ್ಥಿತಿಯಲ್ಲಿ ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಬೇಕು. ಈ ಪರೀಕ್ಷೆಗೆ ಒಪ್ಪುವ ಅಂಗಡಿಯಲ್ಲೇ ಟೈರ್ ಕೊಳ್ಳಿ ಎಂಬುದು ನನ್ನ ಸಲಹೆ. ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ತುಸು ಸವರಿದರೆ ಅದನ್ನು ಹಿಂದಕ್ಕೆ ಸರಿಸಿ ಬಿಗಿಯಬಹುದು. ಬ್ರೇಕಿನ ಹೋಸಿಗೆ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ವ್ಯವಸ್ಥೆ) ಸೆನ್ಸರಿನ ತಂತಿಗೆ ಅಥವಾ ಲೋಹಕ್ಕೆ ತಾಗಿದರೆ ಆ ಅಳತೆಯನ್ನು ಅಲ್ಲಿಗೇ ಕೈಬಿಡಬೇಕು. ಹಿಮದ ದಾರಿಯ ಯೋಚನೆಯಿರುವ ನೀವು ಇನ್ನೂ ಒಂದನ್ನು ಅಳೆಯಬೇಕು: ಟೈರಿನ ಸುತ್ತ ಸರಪಳಿ ಕಟ್ಟಿದ ಮೇಲೂ ಸ್ಟ್ರಟ್‌ಗೆ ಜಾಗ ಉಳಿದಿದೆಯೇ ಎಂಬುದನ್ನು. ದೊಡ್ಡ ಟೈರು ಹಾಕಿಸಿ ಸರಪಳಿ ಹಾಕುವ ಅವಕಾಶ ಕಳೆದುಕೊಂಡರೆ ಹಿಮದಲ್ಲಿ ನಿಮಗೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಮೂರು ಶಿಖರಗಳ ನಡುವೆ ಹಿಮದ ಹರಳಿರುವ ಗುರುತು ಪಕ್ಕದ ಗೋಡೆಯ ಮೇಲಿದ್ದರೆ ಆ ಟೈರು ಹಿಮದ ಮೇಲಿನ ಹಿಡಿತದ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದರ್ಥ. ಎಂ+ಎಸ್ ಎಂಬ ಅಕ್ಷರಗಳಷ್ಟೇ ಇದ್ದರೆ ಅದು ತಯಾರಕರ ಸ್ವಂತ ಘೋಷಣೆ ಮಾತ್ರ.

ಎತ್ತರಿಸುವ ಕಿಟ್ ಬಗ್ಗೆ ನನ್ನ ಉತ್ತರ ಚಿಕ್ಕದು: ಈ ಅಳತೆಗೆ ಬೇಡ. ಸಸ್ಪೆನ್ಶನ್ ಎತ್ತರಿಸಿದರೆ ಚಕ್ರದ ಮೇಲ್ಭಾಗದಲ್ಲಿ ಜಾಗ ಸಿಗುತ್ತದೆಯೇ ಹೊರತು, ನಿಮಗೆ ತೊಂದರೆ ಬರುವ ಜಾಗ ಮಡ್‌ಗಾರ್ಡಿನ ಹಿಂಬದಿಯ ಮೂಲೆ. ಅಲ್ಲಿ ಕಿಟ್‌ನಿಂದ ಹೆಚ್ಚಿನ ಪ್ರಯೋಜನವಿಲ್ಲ. ಬದಲಿಗೆ ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಅಚ್ಚುಗಳ ಕೀಲುಗಳು ಹೆಚ್ಚು ಕೋನದಲ್ಲಿ ಕೆಲಸಮಾಡಬೇಕಾಗುತ್ತದೆ, ಅಲೈನ್‌ಮೆಂಟ್ ಮತ್ತು ಹೆಡ್‌ಲೈಟಿನ ದಿಕ್ಕನ್ನು ಮತ್ತೆ ಹೊಂದಿಸಬೇಕಾಗುತ್ತದೆ, ಚಾವಣಿಯ ಮೇಲೆ ಸೋಲಾರ್ ಫಲಕ ಹೊತ್ತ ಎತ್ತರದ ವಾಹನದ ಗುರುತ್ವ ಕೇಂದ್ರ ಇನ್ನೂ ಮೇಲೇರುತ್ತದೆ.

ನಾಲ್ಕು ಚಕ್ರ ಚಾಲನೆಯ ವಾಹನದಲ್ಲಿ ಎರಡು ಚಕ್ರ ಚಾಲನೆಯದಕ್ಕಿಂತ ಕಟ್ಟುನಿಟ್ಟಾಗಿ ಪಾಲಿಸಬೇಕಾದ ನಿಯಮವೊಂದಿದೆ: ನಾಲ್ಕೂ ಟೈರುಗಳ ಸುತ್ತಳತೆ ಒಂದೇ ಆಗಿರಬೇಕು. ಮುಂದಿನ ಮತ್ತು ಹಿಂದಿನ ಅಚ್ಚುಗಳನ್ನು ಸೇರಿಸುವ ಕ್ಲಚ್ಚು ಅಥವಾ ಗೇರುಪೆಟ್ಟಿಗೆ, ಚಕ್ರಗಳ ವೇಗದಲ್ಲಿ ವ್ಯತ್ಯಾಸ ಕಂಡಾಗ ಯಾವುದೋ ಚಕ್ರ ಜಾರುತ್ತಿದೆ ಎಂದೇ ತಿಳಿಯುತ್ತದೆ. ಟೈರುಗಳ ಅಳತೆಯಲ್ಲೇ ವ್ಯತ್ಯಾಸವಿದ್ದರೆ ಒಣ ರಸ್ತೆಯಲ್ಲೂ ಆ ತಪ್ಪು ತಿಳಿವಳಿಕೆ ಮುಗಿಯುವುದಿಲ್ಲ, ಕ್ಲಚ್ಚು ಬಿಸಿಯಾಗುತ್ತದೆ, ಗೇರುಗಳು ಒಂದನ್ನೊಂದು ಬಿಗಿಹಿಡಿಯುತ್ತವೆ. ಎರಡು ಟೈರು ಈಗ, ಎರಡು ಮುಂದಿನ ವರ್ಷ ಎಂಬ ಉಳಿತಾಯ ಇಲ್ಲಿ ನಡೆಯದು. ಸವೆತದ ವ್ಯತ್ಯಾಸವೂ ಸುಮಾರು 2 ಮಿ.ಮೀ. ಮೀರದಂತೆ ನೋಡಿಕೊಂಡು, ಹಿಂದು ಮುಂದು ಚಕ್ರಗಳನ್ನು ಕಾಲಕಾಲಕ್ಕೆ ಅದಲುಬದಲು ಮಾಡಿಸಬೇಕು.

ಇದೇ ಕಾರಣದಿಂದ ಸ್ಟೆಪ್ನಿಯೂ ದೊಡ್ಡದಾಗಬೇಕು. ನಾಲ್ಕು ಟೈರು 804 ಮಿ.ಮೀ., ಸ್ಟೆಪ್ನಿ 774 ಮಿ.ಮೀ. ಇದ್ದರೆ ಪಂಕ್ಚರ್ ಆದ ದಿನ ನೀವು ಶೇ. 3.9ರ ವ್ಯತ್ಯಾಸ ಇಟ್ಟುಕೊಂಡು ಓಡಿಸಬೇಕಾಗುತ್ತದೆ. ಹತ್ತಿರದ ಟೈರ್ ಅಂಗಡಿವರೆಗೆ ನಿಧಾನವಾಗಿ ಹೋಗಬಹುದು, ಆದರೆ ಪಂಕ್ಚರ್ ಆಗುವುದು ಹತ್ತಿರದಲ್ಲಿ ಯಾವ ಅಂಗಡಿಯೂ ಇಲ್ಲದ ಕಡೆಯಲ್ಲೇ. ವ್ಯಾನಿನ ಹಿಂಭಾಗದ ಅಡಿಯಲ್ಲಿ ಸ್ಟೆಪ್ನಿ ತೂಗುವ ತೊಟ್ಟಿಲಿಗೆ ದೊಡ್ಡ ಟೈರ್ ಹಿಡಿಸುತ್ತದೆಯೇ ಎಂಬುದನ್ನು ಟೈರು ಕೊಳ್ಳುವ ಮೊದಲೇ ಟೇಪು ಹಿಡಿದು ನೋಡಿ. ಹಿಡಿಸದಿದ್ದರೆ ಅದನ್ನು ಹಿಂಬಾಗಿಲಿಗೆ ತೂಗುಹಾಕಬೇಕು. ಆಗ ಚಕ್ರ, ಅದರ ಚೌಕಟ್ಟು ಎಲ್ಲ ಸೇರಿದ ಭಾರ ಹಿಂದಿನ ಆಕ್ಸಲಿನ ಹಿಂದಕ್ಕೆ ಹೋಗಿ, ಅದರ ಮೇಲಿನ ಭಾರ ಚಕ್ರದ ಸ್ವಂತ ತೂಕಕ್ಕಿಂತಲೂ ಹೆಚ್ಚು ಏರುತ್ತದೆ. ಮೊದಲಿಗೇ ತೂಗಿಸಿ ಎಂದದ್ದು ಇಂಥದ್ದಕ್ಕೇ.

ಸ್ಪೀಡೋಮೀಟರಿನ ಬಗ್ಗೆ ಹೇಳುವುದಾದರೆ, ದೊಡ್ಡ ಟೈರು ಒಂದು ಸುತ್ತಿಗೆ ಹೆಚ್ಚು ದೂರ ಕ್ರಮಿಸುವುದರಿಂದ, ಮೀಟರು ಮೊದಲು ನಿಖರವಾಗಿದ್ದರೆ ಅದು 100 ತೋರಿಸುವಾಗ ನೀವು ಸುಮಾರು 104 ಕಿ.ಮೀ. ವೇಗದಲ್ಲಿರುತ್ತೀರಿ. ವಿಶ್ವಸಂಸ್ಥೆಯ 39ನೇ ವಾಹನ ನಿಯಮವನ್ನು ಪಾಲಿಸುವ ದೇಶಗಳಲ್ಲಿ ಮೀಟರು ನಿಜವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಹೆಚ್ಚು ತೋರಿಸಲು ಮಾತ್ರ ನಿಜವೇಗದ ಶೇ. 10 ಮತ್ತು ಅದರ ಮೇಲೆ 4 ಕಿ.ಮೀ.ವರೆಗೆ ಅವಕಾಶವಿದೆ. ಹೊಸ ವಾಹನಗಳ ಮೀಟರುಗಳು ತುಸು ಹೆಚ್ಚು ತೋರಿಸುವುದರಿಂದ ಎರಡೂ ತಪ್ಪು ಸೇರಿ ಸರಿಹೋಗುತ್ತವೆ ಎಂದು ಹೇಳುವವರಿದ್ದಾರೆ. ಹಾಗೆ ಆಗಲೂಬಹುದು, ಆದರೆ ಜಿಪಿಎಸ್ ಇಟ್ಟುಕೊಂಡು ಅಳೆಯದೆ ನಂಬಬಾರದು. ಇದಕ್ಕಿಂತ ಮುಖ್ಯವಾದದ್ದು, ಎಬಿಎಸ್, ವಾಹನ ಸ್ಥಿರತೆಯ ವ್ಯವಸ್ಥೆ ಹಾಗೂ ಜಾರುವ ಚಕ್ರಕ್ಕೆ ಬ್ರೇಕ್ ಹಾಕಿ ಶಕ್ತಿ ಹಂಚುವ ವ್ಯವಸ್ಥೆಗಳೆಲ್ಲ ಚಕ್ರದ ಸುತ್ತಳತೆಯನ್ನು ಆಧಾರವಾಗಿ ಇಟ್ಟುಕೊಂಡಿರುತ್ತವೆ. ನಿಮ್ಮ ವ್ಯಾನಿನ ಕಂಪ್ಯೂಟರಿನಲ್ಲಿ ಟೈರಿನ ಅಳತೆ ಬದಲಿಸುವ ಅವಕಾಶವಿದ್ದರೆ ಅಧಿಕೃತ ಸರ್ವಿಸ್‌ನಲ್ಲಿ ಬದಲಿಸಿಕೊಳ್ಳಿ. ಬದಲಿಸದೆ ಇಂಧನ ಲೆಕ್ಕ ಹಾಕಿದರೆ ಮೈಲೇಜು ಇಳಿದದ್ದು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ, ಏಕೆಂದರೆ ಮೀಟರು 1,000 ಕಿ.ಮೀ. ಎಂದಾಗ ನೀವು ಸುಮಾರು 1,039 ಕಿ.ಮೀ. ಓಡಿರುತ್ತೀರಿ. ಹಾಗೆಂದು ಮೈಲೇಜು ಇಳಿಯುವುದೇ ಇಲ್ಲವೆಂದಲ್ಲ. ಒಂದೊಂದು ಟೈರು ಕೆಲವು ಕೆಜಿ ಹೆಚ್ಚು ತೂಗುತ್ತದೆ, ಆ ತೂಕ ಚಕ್ರದ ಹೊರ ಅಂಚಿನಲ್ಲಿರುವುದರಿಂದ ವೇಗ ಹೆಚ್ಚಿಸಲೂ ನಿಲ್ಲಿಸಲೂ ಹೆಚ್ಚು ಶ್ರಮ ಬೇಕು. ಗೇರು ಒಟ್ಟಾರೆಯಾಗಿ ಸುಮಾರು ಶೇ. 4ರಷ್ಟು ಎತ್ತರಿಸಿದಂತಾಗಿ ಕಡಿದಾದ ಏರಿನಲ್ಲಿ ಚಕ್ರಕ್ಕೆ ತಲುಪುವ ಎಳೆತ ಅಷ್ಟೇ ಕಡಿಮೆಯಾಗುತ್ತದೆ. ಕಷ್ಟದ ಏರಿಗೆಂದೇ ಇರುವ ಲೋ ರೇಂಜ್ ಗೇರು ಇಲ್ಲದ ವ್ಯಾನಿನಲ್ಲಿ ಇದು ಅನುಭವಕ್ಕೆ ಬರುತ್ತದೆ.

ಮಾರಿದವರು ಬೇಡವೆಂದದ್ದಕ್ಕೆ ಕಾರಣ ಹೆಚ್ಚಾಗಿ ಇಷ್ಟೇ: ವಾಹನಕ್ಕೆ ಒಪ್ಪಿಗೆ ಪಡೆದ ಅಳತೆಗಳು ದಾಖಲೆಯಲ್ಲಿ ನಿಗದಿಯಾಗಿರುತ್ತವೆ. ಬೇರೆ ಅಳತೆಯಿಂದ ಬೇರಿಂಗ್ ಅಥವಾ ಅಚ್ಚಿನ ಕೀಲು ಕೆಟ್ಟಿತೆಂದು ಕಂಡರೆ ವಾರಂಟಿ ನಿರಾಕರಿಸಲು ಅವಕಾಶವಾಗುತ್ತದೆ, ವಿಮೆಯ ತಕರಾರೂ ಅಲ್ಲಿಂದಲೇ ಹುಟ್ಟುತ್ತದೆ. ಬಾಗಿಲ ಕಂಬದ ಚೀಟಿಯಲ್ಲಿ ಒಂದೇ ಅಳತೆಯಿದ್ದರೂ ತಯಾರಕರ ದಾಖಲೆಯಲ್ಲಿ ಪರ್ಯಾಯ ಅಳತೆಗಳಿರಬಹುದು. ಅವನ್ನು ಬರಹದಲ್ಲಿ ಕೇಳಿ ಪಡೆಯಿರಿ, ಬಾಯಿಮಾತಿನ ಒಪ್ಪಿಗೆ ಯಾರದಾದರೂ ಸಾಲದು.

ಹಾಗಾದರೆ ನಾನಾಗಿದ್ದರೆ ಏನು ಮಾಡುತ್ತಿದ್ದೆ? ಮೊದಲ ವರ್ಷ ಮೂಲ ಅಳತೆಯಲ್ಲೇ, 120 ಅಥವಾ ಅದಕ್ಕಿಂತ ಹೆಚ್ಚಿನ ಸೂಚ್ಯಂಕದ, ಕಾಡುದಾರಿಗೂ ಡಾಂಬರಿಗೂ ಹೊಂದುವ ಆಲ್ ಟೆರೇನ್ ಟೈರ್ ಹಾಕಿಸಿ, ಉಳಿದ ಹಣದಲ್ಲಿ ಒಳ್ಳೆಯ ಗಾಳಿ ಪಂಪು ಮತ್ತು ಒತ್ತಡ ಮಾಪಕ ಕೊಳ್ಳುತ್ತಿದ್ದೆ. ಮರಳಿನಲ್ಲಿ ವ್ಯಾನನ್ನು ತೇಲಿಸುವುದು ಹೆಚ್ಚಾಗಿ ತಗ್ಗಿಸಿದ ಗಾಳಿ. ಒತ್ತಡ ಇಳಿಸಿದಾಗ ಟೈರಿನ ಹೆಜ್ಜೆ, ಅಂದರೆ ನೆಲಕ್ಕೆ ತಾಗುವ ಭಾಗ, ಮುಖ್ಯವಾಗಿ ಉದ್ದಕ್ಕೆ ಬೆಳೆಯುತ್ತದೆ, 20 ಮಿ.ಮೀ. ಅಗಲ ಕೊಡುವುದಕ್ಕಿಂತ ಎಷ್ಟೋ ಹೆಚ್ಚು ನೆಲ ಅದರಿಂದ ಸಿಗುತ್ತದೆ. ಜಲ್ಲಿದಾರಿಯಲ್ಲಿ ರಸ್ತೆಯ ಒತ್ತಡದ ಕಾಲುಭಾಗ ಇಳಿಸುವುದು, ಮೆತ್ತನೆಯ ಮರಳಿನಲ್ಲಿ ಅರ್ಧದ ಆಸುಪಾಸಿಗೆ ತರುವುದು ಆರಂಭಕ್ಕೆ ಸರಿಯಾದ ಅಂದಾಜು. ಆದರೆ ಆಗ ವೇಗವೂ ಅಷ್ಟೇ ತಗ್ಗಿರಬೇಕು, ತಿರುವು ನಿಧಾನವಾಗಿರಬೇಕು, ಡಾಂಬರು ಸಿಕ್ಕ ಕೂಡಲೇ ಗಾಳಿ ತುಂಬಬೇಕು. ಇಳಿದ ಗಾಳಿಯಲ್ಲಿ ಭಾರ ಹೊತ್ತು ವೇಗವಾಗಿ ಓಡಿದ ಟೈರು ಒಳಗಿನಿಂದ ಬಿಸಿಯಾಗಿ ಸೀಳುತ್ತದೆ. ಕೆಸರಿಗೆಂದೇ ತಯಾರಾದ ಮಡ್ ಟೆರೇನ್ ಟೈರಿನ ಕಡೆಗೆ ಹೋಗಬೇಡಿ. ಅದರ ಸದ್ದಿನಲ್ಲಿ ನೂರಾರು ಕಿ.ಮೀ. ಕೂರುವುದು ಕಷ್ಟ, ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹಿಡಿಯುವುದರಲ್ಲೂ ಅದು ಹಿಂದೆ.

ಒಂದು ವರ್ಷದ ನಂತರವೂ ವ್ಯಾನಿನ ಹೊಟ್ಟೆ ಕಲ್ಲಿಗೆ ತಾಗುತ್ತಲೇ ಇದ್ದರೆ 265/75ಕ್ಕೆ ಹೋಗಬಹುದು, ಅದಕ್ಕಿಂತ ದೊಡ್ಡದಕ್ಕೆ ಬೇಡ. 17 ಇಂಚಿನ ರಿಮ್ಮಿನ ಮೋಹವೂ ಬೇಡ. 265/70 ಆರ್ 17ರ ವ್ಯಾಸ ಸುಮಾರು 803 ಮಿ.ಮೀ., ಅಂದರೆ ಎತ್ತರ ಅಷ್ಟೇ, ಆದರೆ ಗೋಡೆ ಸುಮಾರು 13 ಮಿ.ಮೀ. ಕುಳ್ಳಗಾಗಿ, ಗಾಳಿ ಇಳಿಸಿ ಓಡಿಸುವವರಿಗೆ ಬೇಕಾದ ಮೆತ್ತೆಯೇ ಕಡಿಮೆಯಾಗುತ್ತದೆ.

ಹೊಸ ಟೈರಿಗೆ ಹಳೆಯ ಚೀಟಿಯ ಒತ್ತಡವೇ ಸರಿಹೊಂದುತ್ತದೆಂದು ಭಾವಿಸಬೇಡಿ. ಟೈರು ತಯಾರಕರ ಭಾರ ಮತ್ತು ಒತ್ತಡದ ಕೋಷ್ಟಕದಲ್ಲಿ ನೀವು ತೂಗಿಸಿ ತಂದ ಚಕ್ರಭಾರವನ್ನು ಹುಡುಕಿ ಒತ್ತಡ ನಿಗದಿಮಾಡಿ. ಒಂದು ಆಕ್ಸಲಿನ ಎರಡೂ ಟೈರುಗಳಿಗೆ ಹೆಚ್ಚು ಭಾರದ ಬದಿಯ ಒತ್ತಡವೇ ಇರಲಿ. ಇ ಎಂಬ ಭಾರದರ್ಜೆಯ ಎಲ್‌ಟಿ ಟೈರುಗಳ ಗರಿಷ್ಠ ಒತ್ತಡ ಸಾಮಾನ್ಯವಾಗಿ 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಆದರೆ ಕಾರುಗಳಿಗೆ ಹಾಕುವ ಸಾಧಾರಣ ರಬ್ಬರ್ ವಾಲ್ವು 65 ಪಿಎಸ್‌ಐವರೆಗೆ ಮಾತ್ರ. ಆದ್ದರಿಂದ ಲೋಹದ ವಾಲ್ವನ್ನೇ ಹಾಕಿಸಿ. ಗೋಡೆಯ ಮೇಲಿನ ನಾಲ್ಕಂಕಿಯ ತಯಾರಿಕೆಯ ಗುರುತನ್ನೂ ಓದಿ, 2325 ಎಂದರೆ 2025ರ 23ನೇ ವಾರ. ಕ್ಯಾಂಪರಿನ ಟೈರು ಸವೆಯುವ ಮೊದಲೇ ಮುದಿಯಾಗುವುದು ಹೆಚ್ಚು, ಹಾಗಾಗಿ ಗೋದಾಮಿನಲ್ಲಿ ಎರಡು ವರ್ಷ ಕಳೆದ ಟೈರಿಗೆ ಪೂರ್ತಿ ಬೆಲೆ ಕೊಡಬೇಡಿ. ಬೇರೆ ರಿಮ್ ಹಾಕಿಸಿದ್ದರೆ ಅದರ ಬೋಲ್ಟಿನ ತಲೆಯ ಆಕಾರ, ಗೋಲವೋ ಶಂಕುವೋ, ರಿಮ್ಮಿನ ಗುಳಿಗೆ ಹೊಂದುತ್ತದೆಯೇ ನೋಡಿ, 50ರಿಂದ 100 ಕಿ.ಮೀ. ಓಡಿದ ಮೇಲೆ ಬಿಗಿತವನ್ನು ಅಳೆಯುವ ಟಾರ್ಕ್ ಪಾನಾದಿಂದ ಮತ್ತೊಮ್ಮೆ ಬಿಗಿಗೊಳಿಸಿ. ತುಂಬಿದ ವ್ಯಾನಿನಲ್ಲಿ ಮೊದಲ ಒರಟುದಾರಿ ಮುಗಿಸಿ ಬಂದ ದಿನ ಟಾರ್ಚ್ ಹಿಡಿದು ನಾಲ್ಕೂ ಮಡ್‌ಗಾರ್ಡುಗಳ ಒಳಗೆ ಇಣುಕಿ. ಎಲ್ಲಾದರೂ ತಾಗಿದ್ದರೆ ಆ ಜಾಗದ ಧೂಳು ಒರೆಸಿಹೋಗಿ ಪ್ಲಾಸ್ಟಿಕ್ ಹೊಳೆಯುತ್ತಿರುತ್ತದೆ.